ಹಂಸದ ಡಬ್ಬಿ

ನಾನು ಮುಖಕ್ಕೆ ಹಚ್ಚುತ್ತಿದ್ದುದು ಹೆಸರುಹಿಟ್ಟು. ಇಷ್ಟನ್ನು ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಇನ್ನೊಬ್ಬಳ ಮುಖ ಸುಟ್ಟಿತ್ತು.

ಎಪ್ಪತ್ನಾಲ್ಕರಲ್ಲಿ ನಾನು ಶಿಕ್ಷಕಿಯರ ತರಬೇತಿಗೆಂದು ಬಳ್ಳಾರಿಗೆ ಬಂದು ಪಾರ್ವತಿನಗರದ ಸೋದರಮಾವನ ಮನೆಯಲ್ಲಿದ್ದೆ. ಅಲ್ಲಿಯತನಕ ಕುರುಗೋಡಿನಲ್ಲಿ ನನ್ನನ್ನು ಬೆಳೆಸಿದವಳು ಅಜ್ಜಿ ಗುರುಬಸಮ್ಮ. ಎಪ್ಪತ್ತು ದಾಟಿದ ಅವಳ ಕೆನ್ನೆಯಲ್ಲಿ ನಗುವಾಗ ಮಾತ್ರ ಗೆರೆ ಮೂಡುತ್ತಿತ್ತು. ಹೆಸರುಕಾಳು, ಕಸ್ತೂರಿ ಅರಿಶಿನ, ನೆರಳಲ್ಲಿ ಒಣಗಿಸಿದ ಕಿತ್ತಳೆ ಸಿಪ್ಪೆ ಇವನ್ನು ತಾನೇ ಬೀಸಿ, ಹಳೆಯ ಧೋತರದ ತುಂಡಿನಲ್ಲಿ ಎರಡು ಸಲ ಸೋಸುತ್ತಿದ್ದಳು. ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಲಸಿ ನನ್ನ ಮುಖಕ್ಕೆ ಸವರಿ, ತಣ್ಣೀರಲ್ಲಿ ತೊಳೆದು, "ತಿಕ್ಕಬ್ಯಾಡ, ಒತ್ತಿ ಒರಸ್ಕೊ. ಮುಖ ಅಂದ್ರ ತಪೇಲಿ ಅಲ್ಲ" ಎನ್ನುತ್ತಿದ್ದಳು. ಸೋಮವಾರ ಕೈಕಾಲಿಗೆ ಕುಸುಬಿ ಎಣ್ಣೆ. ಬಿಸಿಲಿಗೆ ಹೊರಟರೆ ತಲೆಯ ಮೇಲೆ ಸೆರಗು.

ಹಿಟ್ಟು ಆರುವತನಕ ಮಾತಾಡಬಾರದು. ಆಗ ಅವಳು ಕಥೆ ಹೇಳುತ್ತಿದ್ದಳು. ಒಬ್ಬ ರಾಜನ ಮಗಳಿದ್ದಳಂತೆ. ಏಳು ಕೆರೆ ದಾಟಿ ಒಂದು ಹಂಸ ಬಂದು, ದಿನಾ ನಸುಕಿನಲ್ಲಿ ರೆಕ್ಕೆಯಿಂದ ಅವಳ ಮುಖ ಒರೆಸಿ ಹೋಗುತ್ತಿತ್ತಂತೆ. ಅವಳಿಗೆ ವಯಸ್ಸೇ ಆಗಲಿಲ್ಲವಂತೆ. ಕಣ್ಣು ಮುಚ್ಚಿಕೊಂಡು ಕೂತ ನನಗೆ ಕೆನ್ನೆಯ ಮೇಲೆ ಆಡುವುದು ಅಜ್ಜಿಯ ಬೆರಳಲ್ಲ, ಗರಿ ಅನ್ನಿಸುತ್ತಿತ್ತು.

ಬಳ್ಳಾರಿಗೆ ಬಂದಮೇಲೆ ತಿಂಗಳಿಗೊಮ್ಮೆ ಕುರುಗೋಡಿನ ಬಸ್ಸಿನಲ್ಲಿ ಹಿಟ್ಟಿನ ಗಂಟು ಬರುತ್ತಿತ್ತು. ಕಂಡಕ್ಟರ್ ಕೊಟ್ರಬಸಪ್ಪ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅದನ್ನು ಎತ್ತಿ ಹಿಡಿದು, "ತಗೋ ತಂಗಿ, ನಿಮ್ಮಜ್ಜಿ ಚಂದಾನ ಗಂಟು ಕಟ್ಟಿ ಕಳಿಸ್ಯಾಳ" ಎನ್ನುತ್ತಿದ್ದ. ನಾನು ಕಸಿದುಕೊಂಡು ಚೀಲದೊಳಗೆ ತುರುಕುತ್ತಿದ್ದೆ.

ಆ ಚಳಿಗಾಲ ಸಿರುಗುಪ್ಪದಲ್ಲಿ ಹತ್ತು ದಿನದ ತರಬೇತಿ ಶಿಬಿರ. ನಾವು ಹುಡುಗಿಯರೆಲ್ಲ ಒಂದು ಶಾಲೆಯ ಕೋಣೆಯಲ್ಲಿ ಸಾಲಾಗಿ ಹಾಸಿಕೊಂಡಿದ್ದೆವು. ಮೊದಲನೆಯ ಬೆಳಿಗ್ಗೆ ಜಡೆಮ್ಮ ಎಂಬ ಹುಡುಗಿ ನೀರಿನ ತೊಟ್ಟಿಯ ಹತ್ತಿರ ಕಡಲೆಹಿಟ್ಟಿನ ಪೊಟ್ಟಣ ಬಿಚ್ಚಿದಳು. ಹಿಂದಿನಿಂದ ಯಾರೋ ಕೇಳಿದರು.

"ಯಾಕಲೇ, ಮಿರ್ಚಿ ಕರಿಯಾಕ ಬಂದೀಯೇನು?"

"ಎಣ್ಣಿ ನಾ ತರ್ತೀನಿ, ತಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಜಡೆಮ್ಮ ಪೊಟ್ಟಣವನ್ನು ಮಡಚಿಟ್ಟು ಬರೀ ನೀರಿನಲ್ಲಿ ಮುಖ ತೊಳೆದುಕೊಂಡಳು.

ನಾನು ನಕ್ಕದ್ದು ಧೈರ್ಯದಿಂದ. ನನ್ನ ಹಿಟ್ಟು ಗಂಟಿನಲ್ಲಿರಲಿಲ್ಲ. ಅತ್ತೆಯ ಪೆಟ್ಟಿಗೆಯಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದ ಒಂದು ನೀಲಿ ತಗಡಿನ ಡಬ್ಬಿಯಿತ್ತು. ಯಾರೋ ನೆಂಟರು ಯಾವಾಗಲೋ ಬೊಂಬಾಯಿಯಿಂದ ತಂದಿದ್ದ ಮುಖದ ಕ್ರೀಮಿನ ಡಬ್ಬಿ. ಮುಚ್ಚಳದ ಮೇಲೆ ಬೆಳ್ಳಿ ಬಣ್ಣದ ಹಂಸ. ಅದನ್ನು ಕಂಡ ದಿನವೇ ಅಜ್ಜಿಯ ಕಥೆ ನನಗಾಗಿ ಬಳ್ಳಾರಿಗೆ ಬಂದಿದೆ ಅನ್ನಿಸಿತ್ತು. ಗುಂಡಿಗಳನ್ನು ಕಾಗದದಲ್ಲಿ ಕಟ್ಟಿಟ್ಟು, ಅತ್ತೆಯನ್ನು ಕಾಡಿ ಡಬ್ಬಿ ಪಡೆದು, ಹಿಟ್ಟು ತುಂಬಿಕೊಂಡಿದ್ದೆ. ಶಿಬಿರದಲ್ಲಿ ಎಲ್ಲರಿಗಿಂತ ಮೊದಲೆದ್ದು, ಗೋಡೆಯ ಮರೆಯಲ್ಲಿ ಮುಖ ತೊಳೆದು ಬಂದು, ಡಬ್ಬಿಯನ್ನು ಮಾತ್ರ ಕಿಟಕಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೆ.

ನನ್ನ ಪಕ್ಕ ಮಲಗುತ್ತಿದ್ದವಳು ರಜಿಯಾ, ಕೌಲ್ ಬಜಾರಿನ ಟೇಲರ್ ಗೌಸಸಾಬರ ಮಗಳು. ಒಂದು ಕಾಫಿಪುಡಿ ಪೊಟ್ಟಣ ಸಿಕ್ಕರೂ ಎರಡು ಮಾಡಿ ನನಗೊಂದು ಕೊಡುವ ಹುಡುಗಿ. ಅವಳ ಕೆನ್ನೆಯಲ್ಲಿ ಮೊಡವೆಯ ಕಲೆಗಳಿದ್ದವು.

"ಚನ್ನಿ, ಇದನ್ನೇನಲೇ ನೀ ಹಚ್ಚೋದು?"

"ಹೂಂ."

"ದಿನಕ್ಕೆಷ್ಟು ಸಲ?"

"ಮುಂಜಾನಿ, ಸಂಜಿ. ದಪ್ಪಗೆ ಹಚ್ಚಬೇಕು. ಬೊಂಬಾಯಿಂದ ಬರತೈತಿ."

"ಒಂದೀಟು ನೋಡ್ಲಾ?"

"ಮುಚ್ಚಳಾ ತಗದ್ರ ಗಾಳಿಗಿ ಕೆಡತೈತಿ."

ಅವಳು ನಂಬಿದಳು. ಮುಚ್ಚಳದ ಮೇಲಿನ ಹಂಸವನ್ನು ಬೆರಳಿನಿಂದ ಸವರಿ, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟಳು.

ಮಾರ್ಚಿನಲ್ಲಿ ರಜಿಯಾಳಿಗೆ ಸಿರುಗುಪ್ಪದ ಅಕ್ಕಿ ಗಿರಣಿಯ ಫಿಟ್ಟರ್ ಒಬ್ಬನೊಡನೆ ಮದುವೆ ಗೊತ್ತಾಯಿತು. ಏಪ್ರಿಲ್ ಮೊದಲ ವಾರ ಅವಳು ನಾಲ್ಕು ದಿನ ತರಗತಿಗೆ ಬರಲಿಲ್ಲ. ಐದನೆಯ ದಿನ ನಾನು ಕೌಲ್ ಬಜಾರಿಗೆ ಹೋದೆ.

ಅವಳ ತಾಯಿ ಬಾನುಬೀಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. "ಬಾರವ್ವ," ಎಂದು ಒಳಗೆ ಕರೆದರು, ದನಿ ಎಂದಿನಂತಿರಲಿಲ್ಲ. ರಜಿಯಾ ಒಳಮನೆಯ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಿರುಗಿದಳು. ಎರಡೂ ಕೆನ್ನೆ ಕೆಂಪಾಗಿ ಊದಿ, ಮೂಗಿನ ಪಕ್ಕ ಸಿಪ್ಪೆ ಎದ್ದಿತ್ತು. ಗೋಡೆಯ ಗೂಡಿನಲ್ಲಿ ನೀಲಿ ಡಬ್ಬಿಯಿತ್ತು. ಹೊಸದು. ಹಂಸ ಫಳಫಳ ಹೊಳೆಯುತ್ತಿತ್ತು.

"ನಮ್ಮ ಮಾಮು ಲಾರಿ ತಗೊಂಡು ಬೊಂಬಾಯಿಗೆ ಹೋಗಿದ್ದ," ಎಂದಳು ರಜಿಯಾ. ತುಟಿ ಅಲುಗಿಸಲೂ ನೋವಾಗುತ್ತಿತ್ತು. "ಚಿತ್ರಾ ಬರದು ಕೊಟ್ಟಿದ್ದೆ. ಮೂರು ಅಂಗಡಿ ಹುಡುಕಿ ತಂದಾನ. ನೀ ಹೇಳಿದಂಗ ಮುಂಜಾನಿ, ಸಂಜಿ ದಪ್ಪಗ ಹಚ್ಚಿದೆ. ಮಾಳಿಗಿ ಮ್ಯಾಲ ಸಂಡಿಗಿ ಕಾಯಾಕ ಕೂತಿದ್ದೆ. ಉರಿ ಸುರುವಾತು."

ನಾನು ಡಬ್ಬಿ ತಿರುಗಿಸಿ ನೋಡಿದೆ. ತಳದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ. ಕಲೆಯ ಮೇಲಷ್ಟೇ, ತೆಳ್ಳಗೆ, ರಾತ್ರಿ ಮಾತ್ರ ಹಚ್ಚಬೇಕು, ಬಿಸಿಲಿಗೆ ಹೋಗಕೂಡದು. ನನ್ನ ಡಬ್ಬಿಯ ತಳದಲ್ಲೂ ಅದೇ ಅಕ್ಷರಗಳಿದ್ದಿರಬೇಕು. ನಾನೆಂದೂ ಓದಿರಲಿಲ್ಲ. ಹಂಸವನ್ನಷ್ಟೇ ನೋಡಿದ್ದೆ.

"ನಿನಗೂ ಮೊದಲಿಗೆ ಹಿಂಗ ಆಗಿತ್ತೇನು?" ರಜಿಯಾ ಕೇಳಿದಳು. "ಎಷ್ಟು ದಿನಕ್ಕ ಇಳೀತು? ಬರೋ ಶುಕ್ರವಾರ ಹಳದಿ ಐತಿ. ಸಿರುಗುಪ್ಪದವರು ಬರ್ತಾರ."

ಆಗಲೇ ಹೇಳಬೇಕಿತ್ತು. ಬಾಗಿಲಲ್ಲಿ ನಿಂತ ಖಾಲಾ ನನ್ನ ಬಾಯನ್ನೇ ನೋಡುತ್ತಿದ್ದರು. "ಇಳೀತೈತಿ," ಎಂದೆ. ಎದ್ದು ಬಂದುಬಿಟ್ಟೆ.

ಬಸ್‌ಸ್ಟ್ಯಾಂಡಿಗೆ ಬಂದು ಕುರುಗೋಡಿನ ಬಸ್ಸು ಹತ್ತಿದೆ. ಅಜ್ಜಿ ಪಡಸಾಲೆಯಲ್ಲಿ ಹಿಟ್ಟು ಸೋಸುತ್ತಿದ್ದಳು. ಗೆಳತಿಯೊಬ್ಬಳ ಮುಖ ಯಾವುದೋ ಕ್ರೀಮಿನಿಂದ ಸುಟ್ಟಿದೆ, ಹಿಟ್ಟು ಕೊಡು ಎಂದೆ.

"ಸುಟ್ಟ ಮುಖಕ್ಕ ಹಿಟ್ಟು ಹಚ್ಚತಾರೇನು? ತಲಿ ಐತಿಲ್ಲೋ ನಿನಗ? ತಣ್ಣನ ನೀರಿನ ಅರಿವಿ ಇಡಲಿ. ಬಿಸಿಲು ನೋಡಬಾರದು. ಡಾಕ್ಟರಿಗೆ ತೋರಸ್ಲಿ. ಹೊಸ ಚರ್ಮ ಬರೋತನಕ ಏನೂ ಹಚ್ಚಬಾರದು."

"ಶುಕ್ರವಾರ ಆಕಿಗೆ ಅರಿಶಿನ ಹಚ್ತಾರ."

"ಮುಖಕ್ಕ ಹಚ್ಚಿದ್ರ ಬೆಂಕಿ ಇಟ್ಟಂಗ ಆಗತೈತಿ. ಹಚ್ಚಬ್ಯಾಡ್ರಿ ಅಂತ ಹೇಳು ಹೋಗು." ಅಜ್ಜಿಯ ಕೈ ನಿಂತಿತು. "ಆ ಹುಡುಗಿಗೆ ಆ ಕ್ರೀಮು ಹಚ್ಚಾಕ ಹೇಳಿದವ್ರು ಯಾರು?"

ನಾನು ನೆಲಕ್ಕೆ ಬಿದ್ದ ಹೆಸರುಕಾಳು ಆಯತೊಡಗಿದೆ. ಅಜ್ಜಿ ಮತ್ತೆ ಕೇಳಲಿಲ್ಲ. ಅದು ಕೇಳಿದ್ದಕ್ಕಿಂತ ಕಷ್ಟವಾಯಿತು. ಡಬ್ಬಿಯ ಕಥೆ, ಜಡೆಮ್ಮನ ಕಡಲೆಹಿಟ್ಟು, ನನ್ನ ನಗು ಎಲ್ಲವನ್ನೂ ಹೇಳಿದೆ. ಕೇಳಿದಮೇಲೆ ಅವಳು ಧೋತರದ ತುಂಡನ್ನು ಕೊಡವಿ ಮಡಚಿದಳು.

"ನಾ ಬೀಸಿದ್ದು ನಿನಗ ಅಷ್ಟು ನಾಚಿಕಿ ಆಗಿದ್ರ ನನಗ ಹೇಳಬೇಕಿತ್ತು, ಕಳಸ್ತಿದ್ದಿಲ್ಲ. ರೊಕ್ಕ ಕೊಟ್ಟು ಸಾಬೂನ ತಗೋ ಅಂತಿದ್ದೆ."

ಅಷ್ಟೇ. ಬಯ್ಯಲಿಲ್ಲ. ಆ ಸಂಜೆ ಕಥೆಯನ್ನೂ ಹೇಳಲಿಲ್ಲ. ನಾನೇ ಕೇಳಿದೆ, ರಾಜನ ಮಗಳ ಮುಖವನ್ನು ಹಂಸ ಒರೆಸಿದ್ದು ನಿಜವೇ ಎಂದು.

"ಆಕಿ ರಾಜನ ಮಗಳು. ಬಿಸಿಲಾಗ ಯಾವತ್ತ ಹೋಗಿದ್ಳು?" ಎಂದು ಅಜ್ಜಿ ಮಗ್ಗುಲಾದಳು.

ಮರುದಿನ ಕೌಲ್ ಬಜಾರಿಗೆ ಹೋಗಿ, ಏನೂ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ, ಮುಖಕ್ಕೆ ಹಳದಿ ಬೇಡ ಎಂದು ಅಜ್ಜಿಯ ಮಾತನ್ನು ಮುಟ್ಟಿಸಿದೆ. ನನ್ನ ಮಾತನ್ನು ಮಾತ್ರ ಹೇಳಲಾಗಲಿಲ್ಲ. ಖಾಲಾ ನನ್ನ ತಲೆ ಸವರಿದರು. "ಅಷ್ಟು ದೂರ ಹೋಗಿ ಕೇಳ್ಕೊಂಡು ಬಂದೀಯಲ್ಲವ್ವ." ಆ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ.

ಶುಕ್ರವಾರ ಸಿರುಗುಪ್ಪದಿಂದ ಒಂಬತ್ತು ಮಂದಿ ಹೆಂಗಸರು ಬಂದರು. ಊತ ಇಳಿದಿತ್ತು, ಆದರೆ ಕೆನ್ನೆಯ ಚರ್ಮ ಚಕ್ಕೆ ಚಕ್ಕೆಯಾಗಿ, ಕೆಲವೆಡೆ ಕಪ್ಪಾಗಿ, ಕೆಲವೆಡೆ ಬಿಳಿಚಿಕೊಂಡಿತ್ತು. ಖಾಲಾ ದುಪಟ್ಟಾವನ್ನು ಮುಂದಕ್ಕೆಳೆದು ಅವಳನ್ನು ಮಣೆಯ ಮೇಲೆ ಕೂರಿಸಿದರು. ಕೈಗೆ, ಕಾಲಿಗೆ ಹಳದಿ ಹಚ್ಚಿದ್ದಾಯಿತು. ಹುಡುಗನ ದೊಡ್ಡಮ್ಮ ಮುಖಕ್ಕೆ ಕೈಯೊಯ್ದಾಗ ಖಾಲಾ ತಡೆದರು.

"ಮುಖಕ್ಕ ಬ್ಯಾಡ್ರಿ. ಬಿಸಿಲಿಗಿ ಸ್ವಲ್ಪ..."

ದೊಡ್ಡಮ್ಮ ದುಪಟ್ಟಾ ಸರಿಸಿ ನೋಡಿದರು. ಪಕ್ಕದವರ ಕಿವಿಗೆ ಬಾಗಿದರು. ಹಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಬಿಸಿಲಿಗಿ ಬಿಳಿ ಮಚ್ಚಿ ಬರ್ತಾವೇನ್ರಿ? ನಮ್ಮ ಓಣ್ಯಾಗ ಒಬ್ಬಾಕಿಗೆ ಹಿಂಗ ಸುರುವಾಗಿ ಮೈತುಂಬ ಹಬ್ಬಿತು. ರೋಗ ಇದ್ರ ಈಗ ಹೇಳಿಬಿಡ್ರಿ. ಹುಡುಗನ ಬಾಳುವಿ ಮಾತು ಐತಿ."

ಖಾಲಾ ದುಪಟ್ಟಾವನ್ನು ಮತ್ತೆ ಮುಂದಕ್ಕೆಳೆದರು. ರಜಿಯಾಳ ಅರಿಶಿನದ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು.

ನನ್ನ ಚೀಲದಲ್ಲಿ ಡಬ್ಬಿಯಿತ್ತು. ಅವಳೊಬ್ಬಳಿಗೇ ಮೂಲೆಯಲ್ಲಿ ತೋರಿಸಿ ಕಾಲು ಹಿಡಿಯೋಣ ಎಂದುಕೊಂಡು ತಂದಿದ್ದೆ. ಎದ್ದು ನಿಂತೆ.

"ರೋಗ ಅಲ್ರಿ. ನಾ ಮಾಡಿದ್ದು."

ಗೂಡಿನಲ್ಲಿದ್ದ ಡಬ್ಬಿಯನ್ನು ತಂದು ನನ್ನದರ ಪಕ್ಕ ಇಟ್ಟೆ. ಎರಡು ಹಂಸ. ಎರಡರ ಮುಚ್ಚಳವನ್ನೂ ತೆಗೆದೆ. ಒಂದರಲ್ಲಿ ಬಿಳಿ ಕ್ರೀಮು. ಒಂದರಲ್ಲಿ ಹಿಟ್ಟು.

"ನಮ್ಮಜ್ಜಿ ಕುರುಗೋಡಿಂದ ಹೆಸರುಹಿಟ್ಟು ಕಳಸ್ತಾಳ್ರಿ. ಹಳ್ಳಿ ಹಿಟ್ಟು ಅಂತ ನಗ್ತಾರಂತ ಈ ಡಬ್ಬ್ಯಾಗ ಹಾಕಿಟ್ಟಿದ್ದೆ. ಇದು ಬೊಂಬಾಯಿದು ಅಂತ ಈಕಿಗೆ ಸುಳ್ಳು ಹೇಳಿದೆ. ಈಕಿ ನಂಬಿ ಖರೇ ಕ್ರೀಮು ತರಿಸಿ ಹಚ್ಚಿಕೊಂಡಾಳ. ಬಿಸಿಲಿಗಿ ಹೋಗಬಾರದು ಅಂತ ಅದರ ಮ್ಯಾಲ ಬರದೈತಿ. ಬೇಕಾದ್ರ ಓದಸ್ರಿ."

ದೊಡ್ಡಮ್ಮ ಹಿಟ್ಟಿಗೆ ಬೆರಳದ್ದಿ ಮೂಸಿದರು. ಪಕ್ಕದವರಿಗೆ ಕೊಟ್ಟರು. ಡಬ್ಬಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಕೋಣೆ ಸುತ್ತಿತು. ಮೊದಲು ಯಾರೋ ಮುಸಿನಕ್ಕರು, ಆಮೇಲೆ ಎಲ್ಲರೂ.

"ಹೆಸರುಹಿಟ್ಟಿಗೆ ಇಷ್ಟು ದೊಡ್ಡ ಅರಮನಿ ಬೇಕಾಯ್ತೇನವ್ವ?" ಎಂದರು ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ. "ನಮ್ಮವ್ವನೂ ಇದನ್ನ ಹಚ್ತಿದ್ಳು. ಬರ್ರಿ, ಹಾಡ್ರಿ ಮುಂದ."

ನಗು ಶಿಬಿರದ ತೊಟ್ಟಿಯ ಹತ್ತಿರ ಕೇಳಿದ ನಗುವಿನಂತೆಯೇ ಇತ್ತು. ಈ ಸಲ ಅದು ಸರಿಯಾದವಳ ಮೇಲೆ ಬಿದ್ದಿತ್ತು. ಕಿವಿ, ಕತ್ತು ಬಿಸಿಯಾಗಿ, ನೆಲದ ಹಾಸುಗಲ್ಲಿನ ಬಿರುಕನ್ನು ನೋಡುತ್ತ ನಿಂತೆ. ಖಾಲಾ ನನ್ನನ್ನು ದಾಟಿ ಅಡುಗೆಮನೆಗೆ ಹೋದರು. ಈ ಸಲ ತಲೆ ಸವರಲಿಲ್ಲ.

ಕೊನೆಗೆ ಡಬ್ಬಿ ರಜಿಯಾಳ ಕೈಗೆ ಬಂತು. ಅವಳು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಶಿಬಿರದಾಗ ನಿನ್ನ ಹಾಸಿಗಿ ಹಿಂಗ ವಾಸನಿ ಬರ್ತಿತ್ತು," ಎಂದಳು, ಎತ್ತಲೋ ನೋಡುತ್ತ. "ನನಗ ಛಲೋ ಅನಸ್ತಿತ್ತು."

ನಾನು ಕೂತು ಹಳದಿಯ ಬಟ್ಟಲಿಗೆ ಕೈ ಹಾಕಿದೆ. ಅವಳು ಪಾದ ಹಿಂದಕ್ಕೆಳೆದುಕೊಳ್ಳಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಬೆರಳುಗಳಿಗೆ ಸವರಿದೆ. ಆಗಲೇ ಬೇರೆಯವರು ಹಚ್ಚಿ ಹೋಗಿದ್ದ ಕಡೆ ಮತ್ತೊಮ್ಮೆ ಸವರಿದೆ.

"ಮುಖಾ ಆರಿದ ಮ್ಯಾಲ ಹಿಟ್ಟು ಬೇಕು," ಎಂದಳು ಮೆಲ್ಲಗೆ. "ಅಜ್ಜಿಗೆ ಹೇಳು. ನಿನ್ನ ಕೈಲೆ ಬ್ಯಾಡ. ಸಿರುಗುಪ್ಪದ ಬಸ್ಸಿಗೆ ಅಜ್ಜೀನೇ ಕಳಸ್ಲಿ, ಅರಿವಿ ಗಂಟಿನ್ಯಾಗ."

"ಹೂಂ," ಎಂದೆ.

ಡಬ್ಬಿಯನ್ನು ಅವಳು ಹಿಂದಕ್ಕೆ ಕೊಡಲಿಲ್ಲ. ಮದುವೆ ಮುಗಿದು ರಜಿಯಾ ಸಿರುಗುಪ್ಪಕ್ಕೆ ಹೋದಳು. ಮುಂದಿನ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಕೊಟ್ರಬಸಪ್ಪ ಎರಡು ಗಂಟು ಎತ್ತಿ ಹಿಡಿದ. ಒಂದು ನನಗೆ. ಇನ್ನೊಂದನ್ನು ಸಿರುಗುಪ್ಪದ ಬಸ್ಸಿನ ಕಂಡಕ್ಟರಿಗೆ ದಾಟಿಸುತ್ತ, "ಇದನ್ನ ಈ ತಂಗಿ ಕೈಯಾಗ ಕೊಡಬ್ಯಾಡ ಅಂದಾಳ ಅಜ್ಜಿ, ಯಾಕೋ ಏನೋ," ಎಂದ. ನಾನು ನನ್ನ ಗಂಟನ್ನು ಚೀಲದೊಳಗೆ ತುರುಕಲಿಲ್ಲ. ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು, ತಲೆ ಮಾತ್ರ ತಗ್ಗಿಸಿಕೊಂಡು, ಪಾರ್ವತಿನಗರದವರೆಗೆ ನಡೆದೆ.