ಬಿಗಿಯಾಗದ ಪ್ಯಾಂಟು

ದರ್ಜಿಯ ಬಳಿ ಬಿಗಿಯಾದ ಪ್ಯಾಂಟು ಒಂದೂ ಇರಲಿಲ್ಲ.

ಉಳಿದವರಿಗೆ ಹೊಟ್ಟೆ ಬಂದದ್ದನ್ನು ಪ್ಯಾಂಟಿನ ಗುಂಡಿ ಹೇಳುತ್ತದೆ. ದರ್ಜಿ ಆ ಗುಂಡಿಗೆ ಬಾಯಿ ಬಿಡಲು ಅವಕಾಶವನ್ನೇ ಕೊಡಲಿಲ್ಲ. ಸೊಂಟ ಸ್ವಲ್ಪ ಹಿಡಿದಂತಾದರೆ ಸಾಕು, ಗಿರಾಕಿ ಇಲ್ಲದ ಹೊತ್ತು ನೋಡಿ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಬಿಟ್ಟು ಮತ್ತೆ ಹೊಲಿಯುತ್ತಿದ್ದ. ಮಡಚಿದ್ದು ಮುಗಿದ ಮೇಲೆ ಅದೇ ಬಣ್ಣದ ತುಂಡೊಂದನ್ನು ಸೇರಿಸಿದ. ಕೈಚಳಕ ಅಂಥದ್ದು. ತೇಪೆ ಯಾರಿಗೂ ಕಾಣಲಿಲ್ಲ. ಕೊನೆಗೆ ಅವನಿಗೂ ಕಾಣಲಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಬಿಪಿ. ಅಂಗಡಿಯ ಮೇಲಿನ ಮಹಡಿಯಲ್ಲಿ ಆಸ್ಪತ್ರೆಯ ನರ್ಸಮ್ಮ ಬಿಪಿ ಇದ್ದವರಿಗೆ ಹಾಡು ಹಾಕಿ ಕುಣಿತದ ವ್ಯಾಯಾಮ ಮಾಡಿಸುತ್ತಿದ್ದರು. ಹೆಂಡತಿ ಡಾಕ್ಟರನ್ನು ಕೇಳಿ ಸೇರಿಕೊಂಡಳು. ಮೇಲೆ ಕಾಲು ಬಿದ್ದ ಹಾಗೆಲ್ಲ ಕೆಳಗೆ ಕತ್ತರಿಸಿಟ್ಟ ಬಟ್ಟೆಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು.

"ನರ್ಸಮ್ಮಾ, ನನ್ನ ತಲೆ ಮೇಲೆ ಸೂರು ಬೀಳಿಸ್ತೀರಾ?" ಎಂದು ದರ್ಜಿ ಒಂದು ದಿನ, ವ್ಯಾಯಾಮ ಮುಗಿಸಿ ಹೆಂಡತಿ ಮತ್ತು ಉಳಿದವರ ಜೊತೆ ಕೆಳಗಿಳಿದು ಬಂದ ನರ್ಸಮ್ಮನನ್ನು ಕೇಳಿದ.

"ಬಿದ್ರೂ ನಿಮ್ಮ ತಲೆ ಮೇಲೆ ಬೀಳದ ಹಾಗೆ ನೀವೂ ಮೇಲೆ ಬಂದು ಕುಣೀರಿ ಅಣ್ಣಾ."

"ನಾನಾ? ದಿನವಿಡೀ ಮೆಷಿನ್ ತುಳಿಯೋನಿಗೆ ಇನ್ನೆಂಥ ಕುಣಿತ?"

"ಮೆಷಿನ್ ತುಳಿದ್ರೆ ಪಾದ ಆಡತ್ತೆ, ಉಸಿರು ಏರಲ್ಲ. ಉಸಿರು ಏರಬೇಕು, ಆದ್ರೂ ಪಕ್ಕದವರ ಜೊತೆ ಮಾತಾಡೋಕಾಗಬೇಕು. ಅಷ್ಟು ಕುಣಿದ್ರೆ ಸಾಕು. ಬಿಡದೆ ಮಾಡ್ತಾ ಬಂದ್ರೆ ಬೊಜ್ಜು ಕರಗತ್ತೆ, ಬಿಪಿ ಹತೋಟಿಗೆ ಬರೋಕೆ ಸಹಾಯ ಆಗತ್ತೆ."

"ಮಾತ್ರೆ ನುಂಗ್ತೀನಲ್ಲ."

"ಮಾತ್ರೆ ಬಿಡಬೇಡಿ. ಅದರ ಜೊತೆಗೇ ಇದು."

"ಬೊಜ್ಜು ಎಲ್ಲಿದೆ ತೋರ್ಸಿ?" ದರ್ಜಿ ಸೊಂಟಪಟ್ಟಿಯೊಳಗೆ ಎರಡು ಬೆರಳು ತೂರಿಸಿ ತೋರಿಸಿದ. "ನೋಡಿ, ಎಷ್ಟು ಸಡಿಲ!"

"ಸಡಿಲ ಇರದೆ ಏನು? ಅದು ಪ್ಯಾಂಟಲ್ಲ, ಡೇರೆ," ಎಂದಳು ಹೆಂಡತಿ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇವರು ಸೂರೇ ಡೊಂಕು ಅಂತಾರೆ."

ಎಲ್ಲರೂ ನಕ್ಕರು. ದರ್ಜಿಯೂ ನಕ್ಕ, ಮತ್ತೆ ಮೆಷಿನ್ ತುಳಿದ.

ಕೆಲವು ತಿಂಗಳು ಕಳೆದವು. ಹೆಂಡತಿ ವ್ಯಾಯಾಮಕ್ಕೆ ಹಾಕುವ ತನ್ನ ಪ್ಯಾಂಟನ್ನು ತಂದು ಅವನ ಮುಂದಿಟ್ಟಳು.

"ರೀ, ಇದು ಜಾರ್ತಿದೆ. ಸೊಂಟ ಸ್ವಲ್ಪ ಒಳಗೆ ಹಿಡೀರಿ."

ಅವನು ಅವಳ ಸೊಂಟಕ್ಕೆ ಟೇಪು ಸುತ್ತಿದ. ಹಳೆಯ ಅಳತೆ ಅವನಿಗೆ ಬಾಯಿಪಾಠ. ಹುಬ್ಬೇರಿತು.

"ಟೇಪು ಕೈಲೇ ಇದೆಯಲ್ಲ, ನಿಮಗೂ ಒಂದ್ಸಲ ಸುತ್ಕೊಳ್ಳಿ."

"ದರ್ಜಿಗೆ ಅಳತೆ ಯಾಕೆ? ನನ್ನ ಮೈ ನನಗೆ ಗೊತ್ತಿಲ್ವಾ?" ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡ.

ಆ ಮಾತನ್ನು ಅವನು ಈಗಲೂ ನುಂಗಲಾರ, ಉಗುಳಲಾರ.

ಆಮೇಲೊಂದು ಬೆಳಗ್ಗೆ ಕೋಟಿನ ಬಟ್ಟೆ ಕತ್ತರಿಸುವಾಗ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಾಗಿದವನು ಏಳಲಿಲ್ಲ. ಕೂಗಲು ನಾಲಿಗೆ ಹೊರಳಲಿಲ್ಲ. ಮೇಲೆ ಹಾಡು ಮುಗಿದು ಹೆಂಡತಿ ಕೆಳಗಿಳಿದು ಬರುವವರೆಗೆ ಸುಣ್ಣದ ಪುಡಿ ಅವನ ಮೇಲೆ ಉದುರುತ್ತಲೇ ಇತ್ತು.

ಬಿಪಿ ವಿಪರೀತ ಏರಿ ಮಿದುಳಿಗೆ ಪೆಟ್ಟಾಗಿದೆ, ಲಕ್ವ ಹೊಡೆದಿದೆ ಎಂದರು ಡಾಕ್ಟರು. ಕುಣಿದಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ತಡೆಯಲು ದಾರಿಯಿತ್ತು, ಅದು ತಲೆಯ ಮೇಲೆಯೇ ಇತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಅಪ್ಪನ ಸೊಂಟಕ್ಕೆ ಟೇಪು ಸುತ್ತಿದಳು. ಅಂಕಿ ನೋಡಿ ಟೇಪನ್ನು ಸುತ್ತಿಟ್ಟಳು.

"ಎಷ್ಟು?" ನಾಲಿಗೆ ತೊದಲಿತು.

"ಬಿಡಪ್ಪ."

"ಹೇಳು. ಇನ್ನು ಬಿಚ್ಚೋಕೆ... ಹೊಲಿಗೆ ಇಲ್ಲ."

ಈಗ ಅವನು ಮಗಳ ಹೆಗಲು ಹಿಡಿದು ಮಹಡಿ ಹತ್ತಿ, ಕುರ್ಚಿಯ ಮೇಲೆ ಕೂತು, ಡಾಕ್ಟರು ಒಪ್ಪಿದಷ್ಟು ಹಾಡಿಗೆ ಎಡಗೈ ಎಡಗಾಲು ಆಡಿಸುತ್ತಾನೆ. ಪಕ್ಕದಲ್ಲಿ ಹೆಂಡತಿ, ಮಗಳು ಕುಣಿಯುತ್ತಾರೆ. ಹೊಸದಾಗಿ ಬಂದವರು ನಾಚಿದರೆ ಅವನೇ ಗದರುತ್ತಾನೆ: "ನಾಚ್ಕೋಬೇಡಿ. ನಾನು ನಾಚ್ಕೊಂಡೆ, ಮೆಷಿನ್ ನೆಪ ಹೇಳ್ದೆ."

ನಿಮಗೆ ಬಿಪಿ ಇದ್ದರೆ ಇವತ್ತೇ ಸೊಂಟಕ್ಕೆ ಟೇಪು ಸುತ್ತಿ ನೋಡಿ. ಡಾಕ್ಟರನ್ನು ಕೇಳಿ, ನಿಧಾನವಾಗಿ ಶುರು ಮಾಡಿ, ವಾರದ ಹೆಚ್ಚಿನ ದಿನ ಕುಣಿಯಿರಿ. ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿಸಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಪ್ಯಾಂಟು ಸಡಿಲ ಮಾಡಿಕೊಳ್ಳುವುದು ಸುಲಭ. ದರ್ಜಿಯೂ ಅದನ್ನೇ ಮಾಡಿದ.

ಅವನು ಕಳೆದುಕೊಂಡದ್ದು: ಬಲಗೈ ಒಂದು, ಬಲಗಾಲು ಒಂದು, ಅರ್ಧ ಮಾತು.