ಅರ್ಧ ಕೋರ್ಟಿನ ಶಾಂತಲಕ್ಕ

ಟೆನಿಸ್ಸಿನ ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಸೋತವರನ್ನು ಇಬ್ಬಿಬ್ಬರಾಗಿ ಗಂಟುಹಾಕಿ, ಬಂದ ತಪ್ಪಿಗೆ ಒಂದಿಷ್ಟು ಆಡಿಕೊಂಡು ಹೋಗಿ ಎಂದು ಬಿಡುವ ಸಮಾಧಾನದ ಏರ್ಪಾಡು ಎಂದು ನಾನು ಬಹಳ ಗಂಭೀರವಾಗಿ ನಂಬಿದ್ದೆ. ಕನ್ನಡ ಎಂ.ಎ. ಮುಗಿಸಿ ಹುಣಸೂರಿನ ಟ್ರಾವೆಲ್ಸ್ ಒಂದರಲ್ಲಿ ವ್ಯಾನು ಓಡಿಸುವವನಿಗೆ, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ನಂಬುವ ವಿದ್ಯೆ ತಾನಾಗಿಯೇ ಸಿದ್ಧಿಸಿರುತ್ತದೆ. ಹೋದ ವರ್ಷ ಬೈಪಾಸಿನ ಪಕ್ಕದ ಕ್ಲಬ್ಬಿನಲ್ಲಿ ಮಹಿಳೆಯರ ವೃತ್ತಿಪರ ಟೂರ್ನಿ ನಡೆಯಿತು. ವೃತ್ತಿಪರ ಟೆನಿಸ್ಸಿನ ಏಣಿಯಲ್ಲಿ ನೆಲಕ್ಕೆ ತಾಗಿಕೊಂಡಿರುವ ಮೆಟ್ಟಿಲು ಅದು. ಆಟಗಾರ್ತಿಯರನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಅವರಲ್ಲೊಬ್ಬರಾಗಿ ವ್ಯಾನು ಹತ್ತಿ, 'ನಾನು ಬರೀ ಡಬಲ್ಸು' ಎಂದ ಶಾಂತಲಕ್ಕನ ಮುಂದೆ ನಾನು ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡು, ಎಳನೀರು ಹಿಡಿದು, 'ಬೇಜಾರ್ ಮಾಡ್ಕೊಬೇಡಿ ಅಕ್ಕ, ಮುಂದಿನ್ ಸಲ ಸಿಂಗಲ್ಸಲ್ಲೇ ಗೆಲ್ತೀರ' ಎಂದೆ. ಅವರು ಎಳನೀರನ್ನು ಪೂರ್ತಿ ಕುಡಿದು, ಬುರುಡೆಯನ್ನು ನನ್ನ ಕೈಗೇ ವಾಪಸ್ಸು ಕೊಟ್ಟರು.

'ನಾನು ಸಿಂಗಲ್ಸ್ ಆಡೇ ಇಲ್ಲ ಕಣೋ ಶಶಿ. ಸೋಲೋದು ಎಲ್ಲಿಂದ ಬಂತು?'

ಆಮೇಲೆ ಗಮನಿಸಿದೆ: ಶಾಂತಲಕ್ಕ ಯಾವ ದಾರಿಯಲ್ಲಿ ನಡೆದರೂ ಅರ್ಧ ದಾರಿ ಬಿಟ್ಟು ನಡೆಯುತ್ತಾರೆ. ಪಕ್ಕದಲ್ಲಿ ನರಪಿಳ್ಳೆ ಇಲ್ಲದಿದ್ದರೂ ಎಡಕ್ಕೆ ಸರಿದು, ಬಲಗಡೆ ಕಾಣದ ಯಾರಿಗೋ ಸ್ಥಳ ಮೀಸಲಿಟ್ಟು, ಹೆಜ್ಜೆಯ ವೇಗವನ್ನೂ ಆ ಕಾಣದವಳಿಗೆ ಹೊಂದಿಸಿಕೊಂಡು ಹೋಗುತ್ತಾರೆ. ಮೊಣಕೈ ಹತ್ತಿರ ಹೊಗೆಸೊಪ್ಪಿನ ಅಂಟು ಕಪ್ಪಗೆ ಕೂತಿರುವ ಒಂದು ಹಸಿರು ಸ್ವೆಟರು. ಸುಡುಬಿಸಿಲಿದ್ದರೂ ಆಟದ ಮೊದಲ ಚೆಂಡಿನವರೆಗೆ ಅದನ್ನು ಬಿಚ್ಚುವುದಿಲ್ಲ. ಜೋಡಿಯಲ್ಲಿ ಆಡುವವರು ತಮ್ಮ ಕಡೆಗೆ ಬರುವ ಚೆಂಡಿಗೆ 'ನಂದು' ಎಂದು ಕೂಗಿ ಹೇಳಬೇಕಂತೆ. ಆ ಅಭ್ಯಾಸ ಇವರ ನಾಲಗೆಗೆ ಎಷ್ಟು ಅಂಟಿದೆಯೆಂದರೆ, ಹೋಟೆಲಿನಲ್ಲಿ ಮಾಣಿಯ ಕೈಜಾರಿದ ಲೋಟಕ್ಕೂ 'ನಂದು!' ಎಂದು ಅಬ್ಬರಿಸಿ, ಗಾಳಿಯಲ್ಲೇ ಹಿಡಿದು, ಇಡೀ ಹೋಟೆಲು ತಿರುಗಿ ನೋಡುವಂತೆ ಮಾಡಿದ್ದರು.

ಊರು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆ. ಶಾಲೆಯ ಪಿ.ಟಿ. ಮೇಷ್ಟ್ರು ಕೊಟ್ಟ ಹಳೆಯ ರ‍್ಯಾಕೆಟ್ಟಿನಿಂದ, ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಚೆಂಡು ಬಡಿದು ಕಲಿತವರು. ಗೋಡೆಗೂ ಹಿಂದಿನ ಸೌದೆಯ ರಾಶಿಗೂ ನಡುವೆ ಜಾಗ ಸಾಲದು. ನೆಲಕ್ಕೆ ಬಿದ್ದ ಚೆಂಡು ನೇರ ಸೌದೆಯೊಳಗೆ, ಹಾವಿನ ಮಗ್ಗುಲಿಗೆ. ಹಾಗಾಗಿ ಬೀಳುವ ಮೊದಲೇ ಹೊಡೆಯುವುದು ರೂಢಿಯಾಯಿತು, ನೆಟ್ಟಿನ ಹತ್ತಿರದ ಆಟ ಕೈಗೆ ಹತ್ತಿತು, ಅದಕ್ಕೇ ಡಬಲ್ಸ್ ಎಂಬುದು ಊರಿನವರೆಲ್ಲ ಒಪ್ಪಿರುವ ಕಥೆ.

ನನ್ನ ದಡ್ಡತನದ ಬಗ್ಗೆ ನನಗೊಂದು ಸಂಕೋಚವಿತ್ತು. ವಾರ ಕಳೆಯುವಷ್ಟರಲ್ಲಿ ಅದು ಹೋಯಿತು, ಏಕೆಂದರೆ ಕ್ಲಬ್ಬಿನ ಸಮಿತಿಯೂ ನನ್ನಷ್ಟೇ ದಡ್ಡತನದಲ್ಲಿ, ಆದರೆ ಕೋಟು ತೊಟ್ಟುಕೊಂಡು, ವ್ಯವಹರಿಸುತ್ತಿತ್ತು. ಡಬಲ್ಸಿಗೆ ನೀರಿನ ಟ್ಯಾಂಕಿನ ಹಿಂದಿನ ಕೋರ್ಟು. ಸೆಟ್ಟುಗಳು ಸಮವಾದರೆ ಮೂರನೆಯ ಸೆಟ್ಟನ್ನು ಆಡಿಸುವುದೇ ಇಲ್ಲ, ಹತ್ತು ಪಾಯಿಂಟಿನಲ್ಲಿ ಮುಗಿಸಿಬಿಡುವ ನಿಯಮ. ನೋಡುವವರಿಗೆ ಕುರ್ಚಿ ಕೇಳಿದರೆ, 'ಡಬಲ್ಸ್ ಯಾರ್ ನೋಡ್ತಾರೆ ಬುಡಿ' ಎನ್ನುವ ಕಾರ್ಯದರ್ಶಿ ಲಿಂಗರಾಜು.

ಇಂಥದ್ದರಲ್ಲಿ ಶಾಂತಲಕ್ಕ ಫೈನಲ್ಲಿಗೆ ಬಂದರು. ಎಂಟು ವರ್ಷದ ಅಲೆದಾಟದಲ್ಲಿ ಮೊದಲ ಫೈನಲ್ಲು. ಜೊತೆಗಾತಿ ಮೈಸೂರಿನ ರಮ್ಯ, ಸಿಂಗಲ್ಸನ್ನೂ ಆಡುವವಳು. ಮಗಳ ಆಟವನ್ನು ಒಮ್ಮೆಯೂ ಕಂಡಿರದ ಶಾಂತಲಕ್ಕನ ತಾಯಿ ಸುನಂದಮ್ಮನವರು ಅಂದು ಸೊಪ್ಪಿನ ಹರಾಜನ್ನೂ ಬಿಟ್ಟು, ರೇಷ್ಮೆ ಸೀರೆ ಉಟ್ಟು, ನನ್ನ ವ್ಯಾನಿನಲ್ಲಿ ಬಂದು, ಟ್ಯಾಂಕಿನ ಕಟ್ಟೆಯ ಮೇಲೆ ಕೂತರು.

ಅಂದೇ ಬೆಳಿಗ್ಗೆ ರಮ್ಯ ಸಿಂಗಲ್ಸ್ ಸೆಮಿಫೈನಲ್ ಗೆದ್ದಿದ್ದಳು. ಮಧ್ಯಾಹ್ನ ಅವಳ ಕಾಲು ಹಿಡಿದುಕೊಂಡಿತು. ಡಬಲ್ಸ್ ಆಡಲಾರೆನೆಂದು ಹೇಳಿ, ಹಿಡಿದುಕೊಂಡ ಅದೇ ಕಾಲಿನಲ್ಲಿ ಕ್ಲಬ್ಬಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ವಿಶ್ರಾಂತಿಗೆ ಹೋದಳು. ಮರುದಿನ ಸಿಂಗಲ್ಸ್ ಫೈನಲ್ ಇತ್ತಲ್ಲ! ಆಫೀಸಿನಲ್ಲಿ ಒಬ್ಬರ ಹುಬ್ಬೂ ಏರಲಿಲ್ಲ. ಇದೆಲ್ಲ ಮಾಮೂಲಂತೆ. ಒಬ್ಬಳ ಕಾಲು ನೋಯದೆಯೇ ಇನ್ನೊಬ್ಬಳ ಎಂಟು ವರ್ಷ ಕುಂಟಿಹೋಗುವುದು ಮಾಮೂಲಾಗಿರುವ ಆಟಕ್ಕೆ ಸಭ್ಯರ ಆಟವೆಂಬ ಬಿರುದು ಬೇರೆ.

ಶಾಂತಲಕ್ಕ ನಿಗದಿಯಾದ ಹೊತ್ತಿಗೆ ಹಿಂದಿನ ಕೋರ್ಟಿಗೆ ಹೋಗಿ, ಸ್ವೆಟರು ಬಿಚ್ಚಿ ಮಡಿಸಿಟ್ಟು, ನೆಟ್ಟಿನ ಮುಂದೆ ತಮ್ಮ ಎಡ ಅರ್ಧದಲ್ಲಿ ನಿಂತರು. ಬಲ ಅರ್ಧ ಖಾಲಿ. ಸುನಂದಮ್ಮ ನನ್ನ ತೋಳು ತಟ್ಟಿದರು.

'ಆ ಕಡೆ ಹುಡ್ಗಿ ಎಲ್ಲೋದ್ಲು ಮಗಾ?'

ನಾನು ತಿಳಿದಷ್ಟು ಹೇಳಿದೆ. ಆಕೆಯ ಲೋಕದಲ್ಲಿ ಇವತ್ತು ನೀನು ನಮ್ಮ ಮನೆಗೆ, ನಾಳೆ ನಾನು ನಿಮ್ಮ ಮನೆಗೆ ಎಂದು ಹೆಂಗಸರು ಮುಯ್ಯಾಳಾಗಿ ಬಂದು, ಒಬ್ಬಳು ಎಲೆ ಕೊಡುತ್ತ ಇನ್ನೊಬ್ಬಳು ಕಡ್ಡಿಗೆ ಕಟ್ಟುತ್ತ ಸೊಪ್ಪಿನ ಕೆಲಸ ಮುಗಿಸುತ್ತಾರೆ. ನಡುವೆ ಏಳುವುದೆಂದರೆ ಊರಿನ ಬಾಯಿಗೆ ಬಿದ್ದಂತೆ.

'ಮುಯ್ಯಾಳು ಬಂದೋಳು ಅರ್ದ ಕಡ್ಡೀಲಿ ಎದ್ದೋದ್ಲಾ? ಕೇಳೋರ್ ಯಾರೂ ಇಲ್ವಾ ಇಲ್ಲಿ?'

ಇರಲಿಲ್ಲ. ಆಡದೆಯೇ ಗೆದ್ದ ಎದುರಾಳಿಗಳಿಬ್ಬರು ತಲೆ ತಗ್ಗಿಸಿ ಬಂದು ಕೈ ಕುಲುಕಿದರು. ಬಹುಮಾನ ಕೊಡುವ ಅತಿಥಿಗಳು ಬಂದಾಗಿತ್ತು; ಲಿಂಗರಾಜು ಓಡಿಬಂದರು.

'ಮೇಡಂ, ರನ್ನರಪ್ ಕಪ್ಪು, ಒಂದ್ ಫೋಟೋ. ನೀವೊಬ್ರೇ ನಿಂತ್ರೂ ನಡೀತದೆ. ಸ್ವಲ್ಪ ನಗ್ತಾ ಬನ್ನಿ.'

'ಆಡಾಕೆ ಇಬ್ರು ಬೇಕು, ನಗಾಕೆ ಒಬ್ಳು ಸಾಕೇನ್ರೀ?' ಎಂದು ಶಾಂತಲಕ್ಕ ಸ್ವೆಟರು ಹಾಕಿಕೊಂಡು ವ್ಯಾನು ಹತ್ತಿದರು.

ಜೋಡಿಯ ಕೆಲಸದಲ್ಲಿ ತಮ್ಮ ಅರ್ಧವನ್ನು ಪೂರ್ತಿಯಾಗಿ ಮಾಡುವ ಇಂಥವರ ಪಂಗಡವೊಂದು ಎಲ್ಲ ಕಡೆಯೂ ಇದೆ. ಫಲಕದಲ್ಲಿ ಅವರ ಹೆಸರು ಸದಾ ಇನ್ನೊಬ್ಬರ ಹೆಸರಾದ ಮೇಲೆ, ಒಂದು ಅಡ್ಡಗೀಟಿನ ಆಚೆಗೆ ಇರುತ್ತದೆ. ಅವರನ್ನು ಹುಟ್ಟಾ ಒಳ್ಳೆಯವರೆಂದು ಹೊಗಳಿ ನಾವು ಕೈತೊಳೆದುಕೊಳ್ಳುತ್ತೇವೆ, ಒಳ್ಳೆಯತನಕ್ಕೆ ಅವರೇನೂ ತೆರಬೇಕಾಗಿಲ್ಲ ಎಂಬಂತೆ. ಪಿರಿಯಾಪಟ್ಟಣದ ದಾರಿಯುದ್ದಕ್ಕೂ ರಮ್ಯಳನ್ನು ಬೈಯುತ್ತ ಗಾಡಿ ಓಡಿಸಿದ ನನಗೂ ಅದೇ ಹೊಗಳಿಕೆ ಬೇಕಾಗಿತ್ತೇನೋ, ಕೇಳಬಾರದ್ದನ್ನು ಕೇಳಿಬಿಟ್ಟೆ.

'ಅಕ್ಕ, ಸಿಂಗಲ್ಸ್ ಫೈನಲ್ಲಿಗೆ ನೀವು ಬಂದಿದ್ರೆ? ನೀವೂ ಕಾಲುನೋವು ಅಂತಿದ್ರಾ?'

'ಅಂತಿದ್ದೆ ಕಣ್ಲಾ' ಎಂದರು ಶಾಂತಲಕ್ಕ. 'ಅದ್ಕೇ ನಾನು ಸಿಂಗಲ್ಸ್ ಆಡಾಕಿಲ್ಲ.'