ಅಪ್ಪ ಪೆಕೂಸಿಯ ಬಾಗಿಲಿಲ್ಲದ ಗೋಡೆ

ಅಪ್ಪ ಪೆಕೂಸಿ ಎಂಬ ಕ್ರೈಸ್ತ ಸನ್ಯಾಸಿ ಊರು ಬಿಟ್ಟು, ನೈಲ್ ನದಿಯಾಚೆಯ ಮರಳುಗಾಡಿನ ಗುಹೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಬಂದದ್ದು ದೇವರೊಬ್ಬನ ಜೊತೆ ಮಾತ್ರ ಇರಲು. ಆದರೆ ಬೆಲ್ಲ ಇದ್ದಲ್ಲಿ ಇರುವೆ ಎನ್ನುವಂತೆ, ಅವನ ಹೆಸರು ಕೇಳಿ ಹನ್ನೊಂದು ಮಂದಿ ಬಂದು ಸುತ್ತ ಗುಡಿಸಲು ಹಾಕಿಕೊಂಡಿದ್ದರು. ಅವನು ಕೆಮ್ಮಿದರೂ ಅದರಲ್ಲಿ ಉಪದೇಶ ಹುಡುಕುವ ಜನ. ಒಮ್ಮೆ ಮುಳ್ಳು ಚುಚ್ಚಿ ಅವನು ಕುಂಟಿದಾಗ ಹನ್ನೊಂದು ಮಂದಿಯೂ ವಾರವಿಡೀ ಕುಂಟಿದರು.

ಈ ಸಲ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾದಾಗ ಅಪ್ಪನ ತಾಳ್ಮೆ ತಪ್ಪಿತು.

“ಒಂದು ಗೋಡೆ ಕಟ್ರೋ. ಎರಡಾಳೆತ್ತರ ಇರ್ಲಿ, ಬಾಗಿಲು ಬೇಡ. ಹೊರಗಿನವ್ರು ಒಬ್ಬರೂ ನನ್ನ ಕಣ್ಣಿಗೆ ಬೀಳಬಾರ್ದು.”

ಹೇಳಿದವನೇ ಗುಹೆ ಹೊಕ್ಕು ಚಾಪೆ ಇಳಿಬಿಟ್ಟ. ಹಬ್ಬದ ದಿನ ತಾನು ಒಬ್ಬಂಟಿಯಾಗಿರಬೇಕು. ಇಲ್ಲದಿದ್ದರೆ ಒಂಟೆಯೂ ಹೋಗದ ಒಳ ಮರಳುಗಾಡಿಗೆ ಹೊರಟುಬಿಡುವುದೆಂದು ನಿಶ್ಚಯಿಸಿದ್ದ.

ಹಿರಿಯರು ಹೇಳಿದ್ದನ್ನು ಮರುಪ್ರಶ್ನೆ ಇಲ್ಲದೆ ಮಾಡಬೇಕೆಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಗೋಡೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನದಿಯ ಮಣ್ಣಿಗೆ ಹೊಟ್ಟು ಕಲಸಿ ಇಟ್ಟಿಗೆ ಮಾಡಿದರು, ಕಟ್ಟಿದರು. ಕೊಲ್ಲೂಥನೆಂಬವನು ಕೀರ್ತನೆಯನ್ನು ಅಪಸ್ವರದಲ್ಲಿ ಹಾಡುವುದು, ಉಳಿದವರು ನಗುವುದು ಎಲ್ಲವೂ ಗುಹೆಯೊಳಗೆ ಕೇಳುತ್ತಿತ್ತು. ಒಂದು ಬೆಳಗ್ಗೆ ಹಾಡು ಕೇಳಲಿಲ್ಲ. ಅಪ್ಪನಿಗೆ ಪ್ರಾರ್ಥನೆಯೇ ಸಾಗಲಿಲ್ಲ. ಮಧ್ಯಾಹ್ನ ಆ ಅಪಸ್ವರ ಮತ್ತೆ ಕೇಳಿದಾಗ ಎದೆ ಹಗುರಾಯಿತು, ಹಗುರಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಹಬ್ಬದ ಬೆಳಗ್ಗೆ ಚಾಪೆ ಸರಿಸಿದರೆ ಹನ್ನೊಂದು ಮುಖಗಳೂ ಎದುರಿಗೇ ಇದ್ದವು. ಗೋಡೆ ಗುಹೆಯನ್ನೂ ಬಾವಿಯನ್ನೂ ಎಲ್ಲ ಗುಡಿಸಲುಗಳನ್ನೂ ಬಳಸಿ ನಿಂತಿತ್ತು.

“ಇದೇನ್ರೋ ಇದು?”

“ಹೊರಗಿನವ್ರು ಬೇಡ ಅಂದ್ರಲ್ಲಪ್ಪಾ,” ಎಂದ ಕೊಲ್ಲೂಥ, ಬೆವರೊರೆಸಿಕೊಳ್ಳುತ್ತಾ. “ಅವ್ರೆಲ್ಲಾ ಹೊರಗೇ ಇದ್ದಾರೆ.”

ಈ ಪುಣ್ಯಾತ್ಮರಿಗೆ ತಾವೂ ಹೊರಗಿನವರೆಂದು ಕನಸಿನಲ್ಲೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಗೋಡೆಯಾಚೆ ಕತ್ತೆ ಅರಚಿತು. ನದಿತೀರದ ಹಳ್ಳಿಯ ತ್ಸೀರಜ್ಜಿ ಹಬ್ಬದ ರೊಟ್ಟಿ, ಬೇಯಿಸಿದ ಬೇಳೆ ಹೇರಿಕೊಂಡು ಬಂದಿದ್ದಳು.

“ಒಳಗೆ ಬರೋದೆಲ್ಲಿಂದ? ಗೋಡೆ ಹಾರೋ ವಯಸ್ಸಾ ನಂದು?”

ನಲವತ್ತು ದಿನ ಒಣರೊಟ್ಟಿ ತಿಂದ ಹನ್ನೊಂದು ಮಂದಿ ಅಪ್ಪನನ್ನೇ ನೋಡಿದರು. ಅಪ್ಪನಿಗೆ ಮೊದಲು ಹೊಟ್ಟೆಯಲ್ಲಿ ನಗು ಹುಟ್ಟಿತು, ಆಮೇಲೆ ಹೆಗಲು ಕುಲುಕಿತು, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇಷ್ಟು ಸಂತೋಷ ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಆಗಿರಲಿಲ್ಲ. ಹಾರೆ ಎತ್ತಿಕೊಂಡು ತಾನೇ ಗೋಡೆಗೆ ಮೊದಲ ಏಟು ಹಾಕಿದ.

“ಸಾಕಪ್ಪಾ, ಕತ್ತೆ ನುಗ್ಗುತ್ತೆ,” ಎಂದ ಕೊಲ್ಲೂಥ.

“ಇನ್ನೂ ಸ್ವಲ್ಪ ಅಗಲ ಮಾಡೋ,” ಎಂದ ಅಪ್ಪ. “ಬರೋ ವರ್ಷ ಇನ್ನೂ ಜನ ಬರ್ತಾರೆ.”